ಮಾರ್ಕನ ಕೊನೆಯ ಬರಿ ಜಾಗ

ಕ್ರೈಸ್ತರ ಹಳೆಯ ನೆಲೆಯಾದ ತೂರ್ ಅಬ್ದಿನ್ ಬೆಟ್ಟದ ಸಾಲಿನಲ್ಲಿ ಕೈಯಿಂದ ಸುವಾರ್ತೆ ನಕಲು ಮಾಡುತ್ತಿದ್ದವರಲ್ಲಿ ಕೊನೆಯವಳು ಶ್ಮೂನಿ. ಊರಿಗೆ ಅದು ಗೊತ್ತಾದದ್ದು ತಡವಾಗಿ. ಅಪ್ಪ ಮಲ್ಕೆಯ ಕಣ್ಣಿಗೆ ಪೊರೆ ಬಂದು ಆರು ವರ್ಷವಾಗಿತ್ತು. ಅಷ್ಟೂ ದಿನ ಮಗಳು ಬರೆದಳು, ಹೆಸರು ಅಪ್ಪನದು. ಮೂವತ್ತೆಂಟರ ಆ ಹೆಣ್ಣಿಗೆ ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಮಸಿ ಕೈ ಯಾರು ಹಿಡೀತಾರೆ?" ಎಂದು ನಕ್ಕುಬಿಡುತ್ತಿದ್ದಳು.

ಆ ವರ್ಷ ಚರ್ಚಿನ ಸುವಾರ್ತೆಯ ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಅದು ನಲವತ್ತು ವರ್ಷದ ಹಿಂದೆ, ಊರೂರೇ ಕಡಿದುಹಾಕಿದ ಕತ್ತಿಯ ವರ್ಷ ಕಳೆದ ಚಳಿಗಾಲದಲ್ಲಿ, ಮಲ್ಕೆ ಮಠದಲ್ಲಿ ಕೂತು ಬರೆದ ಪ್ರತಿ. ಊರು ಅಬೂನಾ ಎಂದು ಕರೆಯುವ ಪಾದ್ರಿ ಲಹ್ದೊ ಮಠಕ್ಕೆ ಹೋಗಿ, ಮಲ್ಕೆ ಅಂದು ನೋಡಿ ಬರೆದಿದ್ದ ಅದೇ ಹಳೆಯ ತೊಗಲಿನ ಪುಸ್ತಕವನ್ನು ಕತ್ತೆಯ ಮೇಲೆ ಹೇರಿಕೊಂಡು ಬಂದ.

ಶ್ಮೂನಿ ಒಂದೊಂದು ಸಾಲು ಗಟ್ಟಿಯಾಗಿ ಓದಿ ಬರೆಯುವಳು. ಬಾಯಿಪಾಠವಿದ್ದ ಅಪ್ಪ ತಪ್ಪು ಹಿಡಿಯುವನು. ಒಂದು ಮಧ್ಯಾಹ್ನ ಮಾರ್ಕನ ಸುವಾರ್ತೆಯ ಕೊನೆಗೆ ಬಂದರು. ಹೊರಗೆ ಬಿಸಿಲು ಸುಣ್ಣದ ಹಾಗೆ ಬಿದ್ದಿತ್ತು. ಒಂದು ಕೋಳಿಯೂ ಕೂಗುತ್ತಿರಲಿಲ್ಲ. ಹೆಂಗಸರು ಸ್ವಾಮಿಯ ಖಾಲಿ ಗೋರಿ ಕಂಡು ಓಡಿದ್ದನ್ನು, ಯಾರಿಗೂ ಏನೂ ಹೇಳದೆ ಹೋದದ್ದನ್ನು ಓದಿದಳು. "ಯಾಕಂದರೆ ಅವರು ಹೆದರಿದ್ದರು" ಎಂದು ನಿಲ್ಲಿಸಿದಳು.

"ಹೂಂ, ಮುಂದೆ ಓದು."

"ಮುಂದೆ ಇಲ್ಲಪ್ಪ."

"ಹಾಳೆ ತಿರುವೇ, ಕತ್ತೆ. ಇನ್ನೂ ಹನ್ನೆರಡು ವಚನ ಐತೆ. ಎದ್ದು ಬಂದ ಸ್ವಾಮಿ ಮರಿಯಳಿಗೆ ಕಾಣಿಸ್ಕೊಳ್ಳೋದು."

"ತಿರುವಿದೆ. ಅಲ್ಲಿ ಲೂಕನ ಸುವಾರ್ತೆ ಶುರು. ನಡುವೆ ಬರಿ ತೊಗಲು."

ಮಲ್ಕೆ ಕೈ ಚಾಚಿದ. ಹೆರೆದು ಅಳಿಸಿದ ತೊಗಲು ಬೆರಳಿಗೆ ಒರಟಾಗಿ ಸಿಗುತ್ತದೆ. ಅದು ಅವನಿಗೆ ಕಣ್ಣಿಲ್ಲದೆಯೂ ತಿಳಿಯುವ ವಿಷಯ. ಆ ಜಾಗ ನುಣ್ಣಗೆ, ಆ ಸೆಕೆಯಲ್ಲೂ ತಣ್ಣಗಿತ್ತು. ಲೇಖನಿ ಅಲ್ಲಿ ಎಂದೂ ತಾಗಿರಲಿಲ್ಲ.

"ಹಾಗಾದ್ರೆ ನಾನು ಎಲ್ಲಿಂದ ಬರ್ದೆ?" ಎಂದ. ಬೆರಳನ್ನು ಬರಿ ಜಾಗದ ಮೇಲೇ ಇಟ್ಟುಕೊಂಡು ತಾನೇ ಹೇಳಿದ: "ಆ ಹನ್ನೆರಡನ್ನ ನೋಡ್ಕೊಂಡು ಬರೀಲಿಲ್ಲ ಮಗಾ. ಬೆನ್ನ ಹಿಂದೆ ಯಾರೋ ಸನ್ಯಾಸಿ ಕೂತು ಓದಿ ಹೇಳ್ತಿದ್ದ. ಚಳಿಗೆ ಬೆರಳು ಸೆಟ್ಕೊಂಡಿದ್ವು, ನಾನು ತಿರುಗಿ ನೋಡ್ಲಿಲ್ಲ."

ಶ್ಮೂನಿ ಪಾದ್ರಿಯನ್ನು ಕರೆತಂದಳು. ಕತೆ ಕೇಳಿ ಲಹ್ದೊನ ಮುಖ ಬಿಳಿಚಿಕೊಂಡಿತು.

"ಆ ಚಳಿಗಾಲ ಮಠದಲ್ಲಿ ಉಳಿದಿದ್ದು ಮುದುಕ ಗುರು ಒಬ್ಬರೇ, ಮಲ್ಕೆ. ಕತ್ತಿ ಅವರ ಗಂಟಲಿಗೆ ಬಿದ್ದಿತ್ತು. ಸಾಯೋವರೆಗೂ ಅವರಿಗೆ ದನಿ ಬರಲಿಲ್ಲ."

ಆಮೇಲೆ ಪಾದ್ರಿಯೇ ಧೈರ್ಯ ತಂದುಕೊಂಡ: "ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ನಮ್ಮ ಬೇರೆ ಎಲ್ಲಾ ಪುಸ್ತಕದಲ್ಲೂ ಆ ಹನ್ನೆರಡು ವಚನ ಇದಾವೆ."

"ಇದಾವೆ ಅಬೂನಾ," ಎಂದ ಮಲ್ಕೆ. "ಅವನ್ನ ಬರೆದೋರ ಹಿಂದೇನೂ ಯಾರೋ ಕೂತಿದ್ರೆ?"

ಅಂದಿನಿಂದ ಅವನು ತಪ್ಪು ಹಿಡಿಯಲು ಬರಲಿಲ್ಲ. ಹಾಸಿಗೆ ಹಿಡಿದ. ಆ ದನಿ ದೇವರದೋ ಮತ್ತೊಬ್ಬನದೋ ಎಂದು ಮಗಳನ್ನು ಕೇಳುವನು. ಆ ವಚನಗಳನ್ನು ಬಿಟ್ಟರೆ ಅಪ್ಪ ಸುಳ್ಳನಾಗುತ್ತಾನೆ. ಬರೆದರೆ ತೊಗಲಿನ ಪುಸ್ತಕ ಸುಳ್ಳಾಗುತ್ತದೆ. ಮೂರು ದಿನ ಲೇಖನಿ ಮುಟ್ಟಲಿಲ್ಲ.

ನಾಲ್ಕನೆಯ ದಿನ, "ಹೆದರಿದ್ದರು" ಎಂಬಲ್ಲಿಗೆ ನಿಲ್ಲಿಸಿ, ಅಂಗೈಯಗಲ ಜಾಗ ಬಿಟ್ಟು, ಕೆಳಗೆ ಕೆಂಪು ಮಸಿಯಲ್ಲಿ ಬರೆದಳು: 'ಹಳೆಯ ಪುಸ್ತಕದಲ್ಲಿ ಇಲ್ಲಿಗೆ ಮುಗಿಯುತ್ತದೆ. ಮುಂದಿನದು ನನ್ನ ತಂದೆ ಕೇಳಿಸಿಕೊಂಡದ್ದು.' ಅಪ್ಪನ ಪ್ರತಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಹನ್ನೆರಡು ವಚನಗಳನ್ನು ಇಳಿಸಿದಳು. ಕೈ ಎಲ್ಲಿಯೂ ತಡವರಿಸಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮುಗಿಸಿ, ಮಸಿ ಆರಲೆಂದು ಬೂದಿ ಚಿಮುಕಿಸುವಾಗ ಕಣ್ಣಿಗೆ ಬಿತ್ತು. ಅಪ್ಪನ ಪ್ರತಿಯಲ್ಲಿ ಆ ವಚನಗಳಲ್ಲಿ ಅರ್ಧ ಹಾಳೆಯ ಹಿಂಬದಿಯಲ್ಲಿದ್ದವು. ಅವಳು ಹಾಳೆ ತಿರುವಿರಲೇ ಇಲ್ಲ.

ಪಾದ್ರಿ ಹೋಲಿಸಿ ನೋಡಿದ. ಒಂದಕ್ಷರ ಆಚೀಚೆ ಇರಲಿಲ್ಲ.

"ನೀನೂ ಕೇಳಿಸ್ಕೊಂಡ್ಯಾ?"

"ಗೊತ್ತಿಲ್ಲ ಅಬೂನಾ. ಸಣ್ಣೋಳಿದ್ದಾಗಿಂದ ಕೇಳಿದ್ದು, ಬಾಯಿಗೆ ಬಂದಿರಬಹುದು. ಆದ್ರೆ ನಾನು ತಿರುಗಿ ನೋಡ್ದೆ."

"ಏನಿತ್ತು?"

"ಬಾಗಿಲು ಹಾಕಿತ್ತು. ಹಿಂದಿನ ಚಾಪೆ ಮೇಲೆ ಯಾರೋ ಕೂತೆದ್ದ ತಗ್ಗು ಇತ್ತು."

ಕೆಂಪು ಸಾಲನ್ನು ಹೆರೆದುಬಿಡು ಎಂದು ಲಹ್ದೊ ಬೇಡಿಕೊಂಡ. ಅವಳು ಒಪ್ಪಲಿಲ್ಲ. ಹೆರೆಯುವ ಬದಲು ನಕಲುಗಾರರ ರೂಢಿಯಂತೆ ಪುಸ್ತಕದ ಕೊನೆಗೆ 'ಬರೆದವಳು ಮಲ್ಕೆಯ ಮಗಳು, ಪಾಪಿ ಶ್ಮೂನಿ' ಎಂದು ಸೇರಿಸಿದಳು. ಹೆಣ್ಣು ಬರೆದದ್ದೆಂದು ಊರಲ್ಲಿ ಗದ್ದಲವಾಯಿತು. ಆ ಗದ್ದಲದಲ್ಲಿ ಬರಿ ಜಾಗದ ಮಾತು ಯಾರಿಗೂ ನೆನಪಾಗಲಿಲ್ಲ.

ಮಲ್ಕೆ ಹಿಮ ಬೀಳುವ ಮೊದಲೇ ತೀರಿಕೊಂಡ. ಮುಂದಿನ ಪುನರುತ್ಥಾನದ ಹಬ್ಬದಲ್ಲಿ ಲಹ್ದೊ ಹೊಸ ಪುಸ್ತಕದಿಂದ ಓದಿದ. ಬರಿ ಜಾಗ ಬಂದಾಗ ಸುಮ್ಮನೆ ದಾಟಿಹೋಗಬೇಕೆಂದಿದ್ದನಂತೆ. ಆಗಲಿಲ್ಲ, ನಾಲಿಗೆ ನಿಂತಿತು. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಕೂಗಿದಳು: "ಹೇಳಪ್ಪಾ, ಸ್ವಾಮಿ ಎದ್ದು ಬಂದನೋ ಇಲ್ಲವೋ?"

ಲಹ್ದೊ ಕೆಂಪು ಸಾಲಿನ ಕೆಳಗೆ ಓದತೊಡಗಿದ.