ಅರಿವೆಯ ಮೇಲೆ ಉಳಿದದ್ದು

ಇಂಥ ಸಂಗತಿಗಳನ್ನು ಹೇಳುವವರನ್ನು ನಾನು ನಂಬಿದವನಲ್ಲ. ನನ್ನ ನೆನಪನ್ನಂತೂ ಈಗಲೂ ನಂಬುವುದಿಲ್ಲ. ಪ್ರತಿ ಸಲವೂ ಅದು ತನ್ನದೊಂದಿಷ್ಟು ಸೇರಿಸುತ್ತದೆ. ಸೇರಿಸಿದ್ದನ್ನು ತೆಗೆದು ಹೇಳಲು ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಇಳಕಲ್ಲಿನ ನನ್ನ ಅಕ್ಕ ಶಾಂತವ್ವ ಕಾಲು ಮುರಿದುಕೊಂಡು ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಸೇರಿದಳು. ಕಾಲಿನ ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಅಲ್ಲೇ ನ್ಯುಮೋನಿಯಾ ಹಿಡಿಯಿತು. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ಕಫವನ್ನು ಮೂರು ಸಲ ಪರೀಕ್ಷಿಸಿದರೂ ಬ್ಯಾಕ್ಟೀರಿಯಾ ಸಿಗಲಿಲ್ಲ, ವೈರಸ್ಸೂ ಸಿಗಲಿಲ್ಲ. ಕಾರಣ ತಿಳಿಯದೆ ಔಷಧ ಬದಲಿಸುತ್ತಲೇ ಇದ್ದರು.

ಒಂದು ಮಧ್ಯಾಹ್ನ, ಭೇಟಿಯ ಹೊತ್ತು. ಪಕ್ಕದ ಮಂಚದಲ್ಲಿ ಮರೋಳದ ಮುದುಕನೊಬ್ಬನಿದ್ದ. ಹೆಂಡತಿ ಖಾಜಾಬಿ ಅವನ ಕಾಲು ಒತ್ತುತ್ತಿದ್ದಳು. ವೈರಸ್ ಹುಡುಕಲು ಕಫವನ್ನು ಸೋಸಿ ನೋಡುತ್ತಾರಂತೆ ಎಂದು ನಾನು ಅಕ್ಕನಿಗೆ ಹೇಳುತ್ತಿದ್ದೆ. ಆಗ ಅಕ್ಕನ ದನಿ ಕೇಳಿಸಿತು.

"ಸೋಸಬ್ಯಾಡ್ರಿ ಅಂತ ಹೇಳೋ ತಮ್ಮಾ. ಅದು ದೊಡ್ಡದೈತಿ. ಅರಿವಿ ಮ್ಯಾಲೆ ಉಳಿತೈತಿ."

ನಮ್ಮ ಕಡೆ ನೀರು ತುಂಬುವಾಗ ಕೊಡದ ಬಾಯಿಗೆ ಹಳೆಯ ಸೀರೆಯನ್ನು ಮಡಿಚಿ ಹಿಡಿಯುತ್ತಾರೆ. ಅಕ್ಕ ಹೇಳಿದ ಅರಿವೆ ಅದು. ಆದರೆ ಅವಳ ಬಾಯಲ್ಲಿ ನಳಿಕೆಯಿತ್ತು, ತುಟಿ ಅಲುಗಲಿಲ್ಲ. ನಿದ್ದೆಗೆಟ್ಟ ತಲೆ ಎಂದುಕೊಳ್ಳುವಷ್ಟರಲ್ಲಿ ಖಾಜಾಬಿ ಗಂಡನ ಕಡೆ ಮುಖ ಮಾಡಿಕೊಂಡೇ ಅಂದಳು:

"ಖರೇ ಐತ್ರಿ ಅಕ್ಕಾರ. ಈ ಡಾಕ್ಟರ್ ಮಂದಿ ಅರಿವಿ ಝಾಡಿಸಿ ಒಗದು, ಕೊಡದಾಗ ಹಣಿಕಿ ಹಾಕಿ ನೋಡ್ತಾರ."

ನಾನು ಡಾಕ್ಟರರ ಬಳಿ ಹೋಗಿ, ಸೋಸಿದ ಮೇಲೆ ಉಳಿಯುವುದನ್ನೂ ನೋಡುತ್ತೀರಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಕಾಗದದಿಂದ ತಲೆಯೆತ್ತಿದರು.

"ಯಾರ್ ಹೇಳಿದ್ರು ನಿಮಗ?"

ಯಾರೂ ಇಲ್ಲ ಎಂದೆ. ಓದಿದವನು, ನಾಚಿಕೆಯಾಯಿತು. ಮೂರನೆಯ ದಿನ ಅಕ್ಕ ತೀರಿಕೊಂಡಳು.

ಬಹಳ ದಿನಗಳ ಮೇಲೆ ಒಂದು ಕಡೆ ಓದಿದೆ. ನೀರಿನ ಅಮೀಬಾಗಳಲ್ಲಿ ದೈತ್ಯ ವೈರಸ್‌ಗಳಿರುತ್ತವಂತೆ. ಉಳಿದ ವೈರಸ್ ದಾಟುವ ಸೋಸುಕದಲ್ಲಿ ಇವು ಮೇಲೆಯೇ ಉಳಿಯುತ್ತವಂತೆ. ಆಸ್ಪತ್ರೆಯ ರೋಗಿಗಳಿಗೆ ನ್ಯುಮೋನಿಯಾ ತರುತ್ತಿರಬಹುದೆಂದು ಕೆಲವರ ಸಂಶಯ, ಸಾಬೀತಾಗಿಲ್ಲ. ಸಿಕ್ಕಿದ್ದರೂ ಅದಕ್ಕೆ ಔಷಧವಿಲ್ಲ. ಇದನ್ನು ಓದಿ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಮರೋಳಕ್ಕೆ ಹೋಗಿ ಖಾಜಾಬಿಯನ್ನು ಕಂಡೆ. ಅಂದು ನೀನು ಯಾರಿಗೆ ಉತ್ತರ ಕೊಟ್ಟೆ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ನಿಮ್ಮಕ್ಕಗ್ರಿ. ಆಕಿ ದಿನಾ ಮಾತಾಡ್ತಿದ್ಲಲ್ಲ. ನೀವು ಬಂದ್ರ ಅಷ್ಟ ಸುಮ್ಮನಾಗ್ತಿದ್ಲು."

ದಿನಾ ಏನು ಹೇಳುತ್ತಿದ್ದಳು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಖಾಜಾಬಿ ಈಗ ಇಲ್ಲ.