ಚಾರ್ಮಾಡಿಯ ಹೂವು ಬಂಟ್ವಾಳಕ್ಕೆ ಇಳಿದದ್ದು

ಒಂದೇ ಗಿಡವನ್ನು ನಾಲ್ಕು ಸಲ ಕೊಂದವರು ಲೋಕದಲ್ಲಿ ಬಹಳ ಮಂದಿ ಇರಲಾರರು. ನಾನು ಕೊಂದಿದ್ದೇನೆ. ಅದೂ ಪ್ರೀತಿಯಿಂದ, ಹೊತ್ತು ಹೊತ್ತಿಗೆ ನೀರು ಹಾಕಿ, ಪಕ್ಕದಲ್ಲಿ ಕೂತು ಮಾತಾಡಿಸಿ ಕೊಂದಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಕನ್ನಡ ಟೀಚರಾಗಿ ನನಗೆ ಮೊದಲು ಸಿಕ್ಕಿದ ಊರು ಚಾರ್ಮಾಡಿ. ಘಾಟಿ ರಸ್ತೆ ಮೇಲೇರಲು ಸುರುವಾಗುವುದು ಅಲ್ಲಿಂದ. ಮಳೆಗಾಲದ ಭಾನುವಾರಗಳಲ್ಲಿ ಕೊಡೆ ಹಿಡಿದು ಮೊದಲಿನ ಒಂದೆರಡು ತಿರುವಿನವರೆಗೆ ನಡೆದುಹೋಗುವುದು ನನ್ನ ಏಕೈಕ ವಿಲಾಸ. ರಸ್ತೆಗಾಗಿ ಕಡಿದ ಗುಡ್ಡದ ಮೈಯಿಂದ ನೀರು ಒಸರುತ್ತಿತ್ತು. ಆ ಒದ್ದೆ ಕಲ್ಲಿಗೆ ಅಂಟಿಕೊಂಡು, ಮಂಜಿನಲ್ಲಿ ನಡುಗುತ್ತ, ತಿಳಿಗುಲಾಬಿ ಬಣ್ಣದ ಪುಟ್ಟ ಹೂವುಗಳು. ಅಂಗಳದಲ್ಲಿ ಬೆಳೆಸುವ ಕರ್ಣಕುಂಡಲದ ಕಾಡುಜಾತಿ ಅದು. ಹೂವಿನ ಹಿಂದೆ ಕೊಂಕಿದ ಒಂದು ಬಾಲ ಇರುತ್ತದೆ. ಕಿವಿಗೆ ತೂಗಿಸುವ ಆಭರಣದ ಹೆಸರು ಬಂದದ್ದು ಅದರಿಂದ ಇರಬೇಕು. ಘಾಟಿಯ ಗಾಳಿ, ಚಳಿ, ತಿಂಗಳುಗಟ್ಟಲೆ ಬಿಡದ ಮಳೆ, ಇಷ್ಟನ್ನೂ ತಡೆದು ನಗುವ ಈ ಗಿಡ ಎಲ್ಲಿಯೂ ಬದುಕೀತೆಂದು ನಾನು ತಿಳಿದೆ. ಗಟ್ಟಿಗರ ಬಗ್ಗೆ ನಮಗೆಲ್ಲ ಇರುವ ತಪ್ಪು ತಿಳಿವಳಿಕೆ ಇದೇ. ಒಂದು ಕಷ್ಟವನ್ನು ತಡೆದವರು ಎಲ್ಲ ಕಷ್ಟವನ್ನೂ ತಡೆಯುತ್ತಾರೆ ಎಂದುಕೊಳ್ಳುತ್ತೇವೆ.

ಬಂಟ್ವಾಳಕ್ಕೆ ವರ್ಗವಾದಾಗ ಹೂಬಿಟ್ಟ ನಾಲ್ಕು ಗಿಡಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಮಣ್ಣು ಸಮೇತ ಇಟ್ಟುಕೊಂಡು ಬಸ್ಸು ಹತ್ತಿದೆ. ಬೆಳ್ತಂಗಡಿ ಬರುವಾಗ ಅವು ತಲೆ ಬಾಗಿಸಿದ್ದವು. ಬಂಟ್ವಾಳದಲ್ಲಿ ಇಳಿಯುವಾಗ ಬೇಯಿಸಿದ ಬಸಳೆಯ ದಂಟಿನ ಹಾಗೆ ಮಲಗಿದ್ದವು. ಅದು ಮೊದಲನೆಯ ಕೊಲೆ. ಮರುವರ್ಷ ಚಾರ್ಮಾಡಿಗೆ ಹೋಗಿ ಎಳೆ ಸಸಿಗಳನ್ನು ತಂದು, ಕುಂಡದಲ್ಲಿ ಹಟ್ಟಿಗೊಬ್ಬರ ತುಂಬಿ ನೆಟ್ಟೆ. ವಾರದಲ್ಲಿ ಬುಡ ಕೊಳೆಯಿತು. ಮೂರನೆಯ ಸಲ ಬೀಜ ತಂದೆ. ಮಳೆಯ ತನಕ ಕಾಯುವ ತಾಳ್ಮೆ ಇಲ್ಲದೆ ಮಾರ್ಚಿನಲ್ಲೇ ಬಿತ್ತಿ, ದಿನಕ್ಕೆ ಮೂರು ಸಲ ನೀರು ಹಾಕಿದೆ. ಒಂದೂ ಮೊಳೆಯಲಿಲ್ಲ. ನಾಲ್ಕನೆಯ ಸಲ ಮಳೆಗೆ ಸರಿಯಾಗಿ ಬಿತ್ತಿದೆ, ಚೆನ್ನಾಗಿಯೇ ಮೊಳೆಯಿತು. ಒಂದು ಶನಿವಾರ ಮಧ್ಯಾಹ್ನ ಬಹಳ ಉತ್ಸಾಹದಿಂದ ಕಳೆ ಕಿತ್ತೆ. ಕಿತ್ತದ್ದು ಕಳೆಯಲ್ಲ ಎಂದು ತಿಳಿಯುವಾಗ ಒಂದೂ ಉಳಿದಿರಲಿಲ್ಲ.

ಇದನ್ನೆಲ್ಲ ಮೇಲಿನಿಂದ ಒಬ್ಬರು ನೋಡುತ್ತಿದ್ದರು. ಮೇಲಿನಿಂದ ಎಂದರೆ ನಿಜವಾಗಿ ಮೇಲಿನಿಂದ. ನನ್ನ ಬಾಡಿಗೆ ಮನೆ ಗುಡ್ಡದ ಬದಿಯಲ್ಲಿತ್ತು. ಅಡುಗೆಮನೆಯ ಹಿಂದೆ ಎರಡಾಳೆತ್ತರದ, ಕೆಂಪುಕಲ್ಲಿನ ಬರೆ. ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮೈಗೆ ನಮ್ಮಲ್ಲಿ ಹಾಗೆ ಹೇಳುವುದು. ಬರೆಯ ಮೇಲೆ ಬೀಪಾತುಮ್ಮನ ಮನೆ. ಗಂಡ ಅದ್ರಾಮಾಕ ದುಬಾಯಿಯಲ್ಲಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಮಗಳು ಜೊಹರಾ ನನ್ನ ಎಂಟನೆಯ ಕ್ಲಾಸಿನಲ್ಲಿದ್ದಳು. ಬೀಪಾತುಮ್ಮ ಬರೆಯ ಅಂಚಿನ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಲೇ ನನ್ನ ತೋಟಗಾರಿಕೆಯನ್ನು ವರ್ಷಗಟ್ಟಲೆ ನೋಡಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಟೀಚರೇ, ಬೀಜ ಇನ್ನೂ ಉಂಟಾ?" ಎಂದು, ನಾಲ್ಕನೆಯದೂ ಹೋದ ಮೇಲೆ ಒಂದು ಬೆಳಿಗ್ಗೆ, ಅವರು ಮೇಲಿನಿಂದ ಕೇಳಿದರು.

"ಒಂದು ಚಿಟಿಕೆ ಉಂಟು."

"ಅದನ್ನು ನನಗೆ ಕೊಡಿ. ನೀವು ಒಂದು ಕಣ್ಣಿಟ್ಟರೆ ಅದು ಹೆದರಿ ಸಾಯುತ್ತದೆ."

ಕಾಗದದ ಪೊಟ್ಟಣವನ್ನು ಕೊಟ್ಟೆ. ಅವರು ಅದನ್ನು ಬಿಡಿಸಿ, ನನ್ನೆದುರೇ, ಬರೆಯ ಮೇಲೆ ಬೀಸಿ ಎಸೆದುಬಿಟ್ಟರು. ಕೋಳಿಗೆ ನುಚ್ಚು ಹಾಕುವವರೂ ಅದಕ್ಕಿಂತ ಗಮನ ಕೊಡುತ್ತಾರೆ. ನನ್ನ ಮುಖ ನೋಡಿ, "ನೀರು ಹಾಕುವವನು ಮೇಲೆ ಇದ್ದಾನೆ. ನೀವು ಶಾಲೆಗೆ ಹೋಗಿ" ಎಂದರು.

ಒಂದು ತಿಂಗಳು ಕಳೆಯುವಾಗ ಬರೆಯ ಒಸರಿನ ಬದಿಯಲ್ಲಿ ಹಸುರು ಕಾಣಿಸಿತು. ಆಗಸ್ಟಿನ ಕೊನೆಗೆ ನನ್ನ ಅಡುಗೆಮನೆಯ ಕಿಟಕಿಯ ಎದುರಿಗೆ ಚಾರ್ಮಾಡಿಯೇ ಬಂದು ನಿಂತಿತ್ತು. ದೋಸೆ ಕರಟುವುದು ವಾಡಿಕೆಯಾಯಿತು. ಆ ಗಿಡಕ್ಕೆ ಬೇಕಾದದ್ದು ಗೊಬ್ಬರವಲ್ಲ, ಮಣ್ಣೂ ಅಷ್ಟಾಗಿ ಅಲ್ಲ. ನಿಲ್ಲದೆ ಇಳಿದುಹೋಗುವ ನೀರು ಮತ್ತು ಹಿಡಿದುಕೊಳ್ಳಲು ಒಂದು ಬಿರುಕು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿತವರಿಗೆ ಇದು ಮೊದಲೇ ಗೊತ್ತಿರಬಹುದು. ನಾನು ಕಲಿತದ್ದು ಹಳೆಗನ್ನಡ.

ಎರಡು ವರ್ಷ ಹೂವು ತಾನಾಗಿ ಬಂತು. ಮೂರನೆಯ ಮಳೆಗಾಲದಲ್ಲಿ ಬರೆಯ ಬಲತುದಿ ಜರಿಯಿತು. ನಾನು ಶಾಲೆಯಲ್ಲಿದ್ದೆ. ಬಂದು ನೋಡುವಾಗ ಬಚ್ಚಲಿನ ಗೋಡೆಗೆ ಒಂದು ಗಾಡಿಯಷ್ಟು ಕೆಂಪುಮಣ್ಣು ಒರಗಿತ್ತು. ಮೇಲೆ ಬೀಪಾತುಮ್ಮನ ಜಗಲಿಗೂ ಬರೆಯ ಅಂಚಿಗೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ ಉಳಿದಿತ್ತು. ಆ ಮಳೆಗಾಲವಿಡೀ ಅವರು ಮಗಳನ್ನು ಕರೆದುಕೊಂಡು ಮುಂದಿನ ಕೋಣೆಯಲ್ಲಿ ಮಲಗಿದರು. ನಾನು ಸ್ನಾನವನ್ನು ಅರ್ಧ ನಿಮಿಷದಲ್ಲಿ ಮುಗಿಸಲು ಕಲಿತೆ.

ಮಳೆ ಬಿಡುವ ಹೊತ್ತಿಗೆ ಅದ್ರಾಮಾಕ ರಜೆಯಲ್ಲಿ ಬಂದರು. ನಲವತ್ತು ದಿನದ ರಜೆ. ಅಷ್ಟರೊಳಗೆ ಬರೆಯನ್ನು ಕೆತ್ತಿ, ಕಲ್ಲಿನ ಗೋಡೆ ಕಟ್ಟಿಸಿಯೇ ಹೋಗುವುದೆಂದು ತೀರ್ಮಾನವಾಯಿತು. ಮೇಸ್ತ್ರಿ ಬಂದು ಹಗ್ಗ ಹಿಡಿದು ಅಳೆದರು. ಗಿಡಗಳಲ್ಲಿ ಆಗ ಕಾಯಿ ಹಸಿರಾಗಿಯೇ ಇತ್ತು. ಈಗ ಕೆತ್ತಿದರೆ ಬೀಜವೂ ಇಲ್ಲ, ಗಿಡವೂ ಇಲ್ಲ. ಆದರೆ ಎರಡು ಮನೆಗಳ ಜೀವದ ಪ್ರಶ್ನೆ ಇರುವಾಗ ಹೂವಿನ ವಿಷಯ ಎತ್ತುವುದು ಹೇಗೆ? ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೆ. ಎರಡು ದಿನ ಆ ಕಿಟಕಿಯನ್ನೇ ತೆರೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅದ್ರಾಮಾಕ ನನ್ನ ಹಿತ್ತಿಲಿಗೆ ಬಂದರು. ಮಾತು ಕಡಮೆಯ ಮನುಷ್ಯ. ಬರೆಯನ್ನು ಸ್ವಲ್ಪ ಹೊತ್ತು ನೋಡಿ, "ಇವಳು ಹೇಳಿದಳು. ಕಾಯಿ ಬಲಿಯಲು ಎಷ್ಟು ದಿನ ಬೇಕು ಟೀಚರೇ?" ಎಂದು ಕೇಳಿದರು.

"ಹತ್ತು ದಿನ ಆದೀತು. ಆದರೆ ಅದಕ್ಕಾಗಿ ನಿಲ್ಲಿಸುವುದು ಬೇಡ. ನಿಮ್ಮ ರಜೆ..."

"ನಿಲ್ಲಿಸುವುದು ಎಂಥಕ್ಕೆ? ಜರಿದ ತುದಿಯಿಂದ ಸುರು ಮಾಡುವ. ಇಲ್ಲಿಗೆ ಬರುವಾಗ ಹತ್ತು ದಿನ ಆಗುತ್ತದೆ."

ಇಷ್ಟೇ. ಎರಡು ದಿನ ಕಿಟಕಿ ಮುಚ್ಚಿ ದುಃಖಪಟ್ಟವಳಿಗೆ ಬಲದಿಂದ ಎಡಕ್ಕೆ ಕಟ್ಟಬಹುದು ಎಂಬುದು ಹೊಳೆದಿರಲಿಲ್ಲ.

ಕರ್ಣಕುಂಡಲದ ಕಾಯಿಗೆ ಒಂದು ಗುಣ ಉಂಟು. ಬಲಿತ ಮೇಲೆ ಬೆರಳು ತಾಗಿದರೆ ಸಾಕು, ಪಟ್ಟನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಆದ್ದರಿಂದ ಕೊಯ್ಲಿಗೆ ಮೂವರು ಬೇಕಾಯಿತು. ಜೊಹರಾ ಏಣಿಯ ಮೇಲೆ. ಕೆಳಗೆ ಬೀಪಾತುಮ್ಮ ಮತ್ತು ನಾನು ಹಳೆಯ ಬಿಳಿ ಬಟ್ಟೆಯೊಂದನ್ನು ಅಗಲಿಸಿ ಹಿಡಿದುಕೊಂಡು. ಒಂದು ಬೀಜ ನನ್ನ ಕನ್ನಡಕಕ್ಕೆ ಬಡಿಯಿತು. ಒಂದಷ್ಟು ಬೀಪಾತುಮ್ಮನ ತಲೆವಸ್ತ್ರದೊಳಗೆ ಸೇರಿದವು. ಅವರು ನಗು ತಡೆಯಲಾಗದೆ ಬಟ್ಟೆಯ ತುದಿ ಬಿಟ್ಟರು. ಅರ್ಧ ಬೀಜ ನೆಲಕ್ಕೆ ಹೋಯಿತು.

ಗೋಡೆ ಗಟ್ಟಿಯಾಗಿ ಎದ್ದಿತು. ಹಿಂದಿನ ನೀರು ಹೊರಗೆ ಬರಲಿ ಎಂದು ಮೇಸ್ತ್ರಿ ಅಲ್ಲಲ್ಲಿ ಮುಷ್ಟಿ ಹೋಗುವಷ್ಟು ತೂತು ಬಿಟ್ಟಿದ್ದರು. ಒಟ್ಟು ಹನ್ನೊಂದು. ಅದ್ರಾಮಾಕ ದುಬಾಯಿಗೆ ಹಿಂದಿರುಗಿದ ಮೇಲೆ, ಮೇ ತಿಂಗಳ ಕೊನೆಯಲ್ಲಿ, ಬೀಪಾತುಮ್ಮ ಪ್ರತಿಯೊಂದು ತೂತಿಗೂ ಒಂದು ಹಿಡಿ ಕೆಂಪುಮಣ್ಣು ಒತ್ತಿ ಅದರಲ್ಲಿ ಬೀಜ ಹಾಕಿದರು. ನಾನು ಏಣಿ ಹಿಡಿದುಕೊಂಡೆ. ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಅವರು ನನ್ನನ್ನು ನಂಬಲಿಲ್ಲ.

ಜೂನಿನಲ್ಲಿ ನನಗೆ ಮೂಡುಬಿದಿರೆಗೆ ವರ್ಗವಾಯಿತು. ಹೊರಡುವ ದಿನ ಗೋಡೆಯಲ್ಲಿ ಹನ್ನೊಂದು ತೂತುಗಳಿದ್ದವು, ಬೇರೇನೂ ಇರಲಿಲ್ಲ. ಹೊಸ ಊರಿನ ಹೊಸ ಶಾಲೆಯಲ್ಲಿ ಪಾಠ ಮಾಡುತ್ತ, ಮಳೆಯ ಸದ್ದು ಜೋರಾದಾಗಲೆಲ್ಲ ಆ ಮಣ್ಣು ತೊಳೆದುಹೋಯಿತೋ ಏನೋ ಎಂದು ಯೋಚಿಸುತ್ತಿದ್ದೆ.

ಆಗಸ್ಟಿನ ಒಂದು ಭಾನುವಾರ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ. ನಾಲ್ಕು ತೂತುಗಳಲ್ಲಿ ಹೂವು ಇತ್ತು. ಗೋಡೆ ಕಿಸೆಯಲ್ಲಿ ಹೂ ಇಟ್ಟುಕೊಂಡು ಯಾರದೋ ಮದುವೆಗೆ ಹೊರಟ ಹಾಗೆ ಕಾಣುತ್ತಿತ್ತು. ಉಳಿದ ಏಳು ಖಾಲಿ. ನಾನು ಬಹಳ ಹೊತ್ತು ಕೊಡೆ ಹಿಡಿದು ನಿಂತೆ.

ಮೇಲಿನ ಮನೆಯೊಳಗೆ ಜೊಹರಾ ಬಾಪನಿಗೆ ಕಾಗದ ಬರೆಯುತ್ತಿದ್ದಳು. ಬೀಪಾತುಮ್ಮ ನನಗೆ ಚಾ ಕೊಟ್ಟು, ಪಕ್ಕದಲ್ಲಿ ಕೂತು ಹೇಳಿ ಬರೆಸಿದರು. ಎಲ್ಲರೂ ಸೌಖ್ಯ, ಜಗಲಿ ಭದ್ರ ಉಂಟು, ಟೀಚರು ಬಂದಿದ್ದಾರೆ, ಗೋಡೆಯ ನಾಲ್ಕು ತೂತಲ್ಲಿ ಹೂವು ಆಗಿದೆ.

"ಬರುವ ವರ್ಷ ಎಲ್ಲದರಲ್ಲೂ ಆಗುತ್ತದೆ ಎಂದು ಬರೆಯಲಾ ಉಮ್ಮ?" ಜೊಹರಾ ಕೇಳಿದಳು.

ಬೀಪಾತುಮ್ಮ ಸ್ವಲ್ಪ ಯೋಚಿಸಿದರು. "ಆಗುತ್ತದೆ ಎಂದು ಬೇಡ. ಆದೀತು ಎಂದು ಬರಿ."

ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಸಂಭಾವನಾರ್ಥಕ ರೂಪ ಕಲಿಸುತ್ತ ಬಂದವಳು. ಮಳೆ ಬಂದೀತು, ಅವನು ಹೋದಾನು ಎಂದು ಕರಿಹಲಗೆಯ ಮೇಲೆ ಬರೆಯುತ್ತೇನೆ, ಮಕ್ಕಳು ಆಕಳಿಸುತ್ತಾರೆ, ನನಗೂ ಆಕಳಿಕೆ ಬರುತ್ತದೆ. ಮರುದಿನ ಮೂಡುಬಿದಿರೆಯ ಶಾಲೆಯಲ್ಲಿ ಅದೇ ಪಾಠವಿತ್ತು. ಕ್ರಿಯಾಪದಕ್ಕೆ ಹೀಗೊಂದು ರೂಪ ಏಕೆ ಬೇಕು ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನಾನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಏಳು ಖಾಲಿ ತೂತುಗಳ ವಿಷಯ ಹೇಳಲು ಸುರು ಮಾಡಿದೆ. ಗಂಟೆ ಹೊಡೆಯುವ ತನಕ ಯಾರೂ ಆಕಳಿಸಲಿಲ್ಲ.