ಬೋರ್ಡು ಪೇಂಟರ ಮೀನುಹೊಂಡ

ಒಂದು ಕಾಲಕ್ಕೆ ನಮ್ಮ ಬೀದಿಯ ಅಂಗಡಿಗಳ ಮೇಲಿದ್ದ ಅಕ್ಷರಗಳನ್ನೆಲ್ಲ ಬರೆದವರು ಒಬ್ಬರೇ. ಸೈಕಲ್ ಶಾಪಿನ ಬೋರ್ಡು, ಹಾಲಿನ ಅಂಗಡಿಯ ಬಾಗಿಲು, ಹಲ್ಲಿನ ಡಾಕ್ಟರ ಗೋಡೆಯ ಮೇಲೆ ನಗುತ್ತಿದ್ದ ದೊಡ್ಡ ಬಾಯಿ, ಎಲ್ಲ ಅವರ ಕೈಯದೇ. ಊರಿಗೆಲ್ಲ ಅವರು ಪೇಂಟರು. ಹೆಂಡತಿ ಕೂಡ ಬಾಗಿಲಿಗೆ ಬಂದವರಿಗೆ, "ಪೇಂಟರು ಮನೇಲಿಲ್ಲ, ಸಂಜೆ ಬನ್ನಿ" ಎನ್ನುತ್ತಿದ್ದರು. ಡಬ್ಬಿಯಿಂದ ತೆಗೆದ ಬಣ್ಣವನ್ನು ಹಾಗೆಯೇ ಹಚ್ಚುವವರನ್ನು ಕಂಡರೆ ಪೇಂಟರಿಗೆ ತಾತ್ಸಾರ. ಹಳದಿಗೆ ನೀಲಿ, ಅದಕ್ಕೊಂದು ಚಿಟಿಕೆ ಕಪ್ಪು ಸೇರಿಸಿ ಹತ್ತು ಥರದ ಹಸಿರು ಮಾಡುವರು. ಬ್ರಶ್ಶಿನ ತುದಿಯನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಂಡು ಬರೆಯಲು ಕೂರುವರು.

ಫ್ಲೆಕ್ಸ್ ಬಂದ ಮೇಲೆ ಎರಡೇ ವರ್ಷದಲ್ಲಿ ಆ ಕೆಲಸ ಮುಗಿಯಿತು. ಉಳಿದದ್ದು ಬೈಕುಗಳ ನಂಬರ್ ಪ್ಲೇಟು ಮಾತ್ರ. ಬಿಳಿಯ ಮೇಲೆ ಕಪ್ಪು, ಅಷ್ಟೇ. ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು ದಿನವಿಡೀ ಓಡುತ್ತಿತ್ತು. ಪೇಂಟರು ಹಿತ್ತಲ ಮೆಟ್ಟಿಲ ಮೇಲೆ ಕೂತು ಹೊಂಡ ನೋಡುತ್ತಿದ್ದರು.

ಆ ಹೊಂಡ ಹೆಂಡತಿಯ ಅಪ್ಪ ಇಟ್ಟಿಗೆಗೆಂದು ಮಣ್ಣು ತೆಗೆದದ್ದು. ಇಟ್ಟಿಗೆಗೂಡು ನಿಂತುಹೋಗಿ ಎಷ್ಟೋ ವರ್ಷವಾಗಿದ್ದರೂ ನೀರು ಮಾತ್ರ ವರ್ಷಪೂರ್ತಿ ನಿಲ್ಲುತ್ತಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಪೇಂಟರು ಅದಕ್ಕೆ ಗೆಂಡೆಮೀನಿನ ಮರಿ ಬಿಟ್ಟರು. ತವುಡು ಹಾಕಿದರು, ಹಿಂಡಿ ಹಾಕಿದರು. ವರ್ಷ ಕಳೆದರೂ ಮೀನು ಅಂಗೈ ಉದ್ದ ದಾಟಲಿಲ್ಲ.

ಮೀನುಗಾರಿಕೆ ಆಫೀಸಿನಿಂದ ಒಬ್ಬ ಆಫೀಸರಮ್ಮ ಬಂದರು. ದಡದಲ್ಲಿ ಮಂಡಿಯೂರಿ, ತೋಳನ್ನು ಮೊಣಕೈವರೆಗೆ ನೀರಲ್ಲಿ ಮುಳುಗಿಸಿ, ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಪೇಂಟರೇ, ನಿಮ್ಮ ನೀರು ಭಾಳ ಚೆನ್ನಾಗಿದೆ. ಅದೇ ತೊಂದರೆ."

"ಅಂದ್ರೆ ಮೇಡಂ?"

"ಉಗುರು ಕೂಡ ಕಾಣ್ತಾ ಇದೆ ನೋಡಿ. ಇಷ್ಟು ತಿಳಿ ಇದ್ರೆ ಮೀನಿಗೆ ಉಪವಾಸ. ನೀವು ಮೀನಿಗಲ್ಲ, ನೀರಿಗೆ ಊಟ ಹಾಕಬೇಕು. ನೀರಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ತವೆ, ಪ್ಲಾಂಕ್ಟನ್ ಅಂತೀವಿ. ಅವು ತುಂಬಿದಾಗ ನೀರು ತಾನೇ ಹಸಿರಾಗುತ್ತೆ. ಮೀನಿಗೆ ಅದೇ ಹುಲ್ಲುಗಾವಲು."

ಮೊದಲು ಸುಣ್ಣ, ಎರಡು ವಾರ ಬಿಟ್ಟು ಸಗಣಿ, ಆಮೇಲೆ ಬಕೆಟ್ಟಿನಲ್ಲಿ ನೆನೆಸಿದ ಸೂಪರ್ ಫಾಸ್ಫೇಟ್. ಕೋಲಿನ ತುದಿಗೆ ಬಿಳಿ ತಟ್ಟೆ ಕಟ್ಟಿ ಇಳಿಸಬೇಕು. ಒಂದೂವರೆ ಗೇಣಿನ ಆಳದಲ್ಲಿ ತಟ್ಟೆ ಮರೆಯಾದರೆ ಸರಿ. ಇನ್ನೂ ಆಳಕ್ಕೆ ಕಂಡರೆ ಗೊಬ್ಬರ ಹಾಕಬೇಕು, ಬೇಗ ಮರೆಯಾದರೆ ನಿಲ್ಲಿಸಬೇಕು. ಹೊರಡುವಾಗ ಆಫೀಸರಮ್ಮ ಇನ್ನೊಂದು ಮಾತು ಹೇಳಿದರು: "ಮಣ್ಣು ಕದಡಿದ್ರೂ ತಟ್ಟೆ ಕಾಣಲ್ಲ. ಅದಕ್ಕೆ ಮೋಸ ಹೋಗಬೇಡಿ. ಬಣ್ಣ ನೋಡಿ."

"ಬಣ್ಣದ ವಿಷಯ ನನಗೆ ಬಿಡಿ" ಎಂದು ಪೇಂಟರು ನಕ್ಕರು.

ಮೊದಲ ವರ್ಷ ಹಾಕಿದ ಗೊಬ್ಬರವನ್ನೆಲ್ಲ ತಳದ ಜೊಂಡು ತಿಂದು ಕೊಬ್ಬಿತು. ಪೇಂಟರು ಎದೆಮಟ್ಟದ ನೀರಿಗಿಳಿದು ಒಂದು ತಿಂಗಳು ಅದನ್ನು ಕಿತ್ತು ದಡಕ್ಕೆ ಹಾಕಿದರು. ಎರಡನೆಯ ವರ್ಷ ಮಳೆನೀರು ಒಂದು ಮೂಲೆಯಿಂದ ನುಗ್ಗಿ ಇನ್ನೊಂದು ಮೂಲೆಯಿಂದ ಹೊರಟುಹೋಯಿತು, ಗೊಬ್ಬರವೂ ಅದರ ಜೊತೆಗೇ. ಹಳೆಯ ಇಟ್ಟಿಗೆಚೂರು ಹೊತ್ತು ಅಲ್ಲೊಂದು ಒಡ್ಡು ಕಟ್ಟಿದರು. ಸೊಂಟ ಹಿಡಿದುಕೊಂಡದ್ದು ಆಗಲೇ. ಮತ್ತೆ ಅದು ನೆಟ್ಟಗಾಗಲೇ ಇಲ್ಲ.

ಮೂರನೆಯ ವರ್ಷ ಹೊಸ ಮರಿ ಬಿಟ್ಟು, ಸುಣ್ಣ, ಸಗಣಿ, ಗೊಬ್ಬರ ಎಲ್ಲ ಕ್ರಮವಾಗಿ ಹಾಕಿದರು. ಗೊಬ್ಬರ ಬಿದ್ದ ಹತ್ತನೆಯ ದಿನ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದ ಹೆಂಡತಿ ಹಾಗೇ ನಿಂತರು.

"ರೀ, ಹಸಿರಾಗಿದೆ ಕಣ್ರೀ!"

ಪೇಂಟರು ಕೋಲು ಇಳಿಸಿ ಬಗ್ಗಿ ನೋಡಿದರು. ತಟ್ಟೆ ಬೇಗನೇ ಮಾಯವಾಯಿತು. ಆದರೆ ಅವರ ಕಣ್ಣಿಗೆ ಕಂಡದ್ದು ಕಂದು, ಮಂಕು ಕಂದು. ಬ್ರಶ್ಶು ತೊಳೆದ ನೀರಿನ ಹಾಗೆ.

"ಎಲ್ಲೇ ಹಸಿರು? ಮಣ್ಣು ಕದಡಿದೆ."

"ಸರಿಯಾಗಿ ನೋಡ್ರೀ."

"ನಲವತ್ತು ವರ್ಷ ಬಣ್ಣ ಕಲಸಿದೀನಿ. ನೀನು ನನಗೆ ಹಸಿರು ತೋರಿಸ್ತೀಯಾ?"

ಹೆಂಡತಿ ಬಕೆಟ್ಟಿನ ಬಟ್ಟೆ ಹಿಂಡತೊಡಗಿದರು.

ಸಗಣಿ ಬಿದ್ದರೆ ಕದಡಿದ ಮಣ್ಣು ತಳಕ್ಕೆ ಕೂರುತ್ತದೆಂದು ನಂಬಿ ಪೇಂಟರು ಮತ್ತಷ್ಟು ಸುರಿದರು. ವಾರ ಬಿಟ್ಟು ಮತ್ತೆ ಗೊಬ್ಬರ. ಹೀಗೇ ಐದಾರು ತಿಂಗಳು ನಡೆಯಿತು. ನೀರು ಮಂಕಾಗುತ್ತಲೇ ಹೋಯಿತು, ಅವರು ಹಠ ಬಿಡಲಿಲ್ಲ. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದರು. ದಡದ ಕಲ್ಲುಗಳ ಮೇಲೆ ಹಸಿರು ಕೆನೆ ಕಟ್ಟಿತ್ತು.

ಆಮೇಲೆ ಮೂರು ದಿನ ಮೋಡ ಕವಿಯಿತು. ಗಾಳಿಯ ಸುಳಿವೇ ಇಲ್ಲ. ನಾಲ್ಕನೆಯ ದಿನ ಬೆಳಕು ಹರಿಯುವಾಗ ಹೊಂಡದಿಂದ ಚಪ್ ಚಪ್ ಎಂಬ ಸದ್ದು ಕೇಳಿಸಿತು, ನೂರು ಬಾಯಿ ಒಟ್ಟಿಗೆ ಚಪ್ಪರಿಸಿದ ಹಾಗೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಹೋರಾಡುತ್ತಿದ್ದವು.

"ಹಸಿದಿವೆ" ಎಂದರು ಪೇಂಟರು. ಒಂದು ಕ್ಷಣ ಅವರ ಮುಖ ಅರಳಿತ್ತು. ಓಡಿಹೋಗಿ ತವುಡು ತಂದರು. ಒಂದು ಮೀನೂ ತವುಡಿನ ಕಡೆ ತಿರುಗಲಿಲ್ಲ.

ಹೆಂಡತಿ ಆಫೀಸರಮ್ಮನಿಗೆ ಫೋನು ಮಾಡಿದರು. "ನೀರು ಬಡೀರಿ, ಹೊಸ ನೀರು ಬಿಡಿ, ಉಸಿರು ಸಿಗ್ತಿಲ್ಲ ಅವಕ್ಕೆ, ನಾನು ಈಗಲೇ ಹೊರಟೆ" ಎಂದರು ಆಕೆ. ಗಂಡಹೆಂಡತಿ ಇಬ್ಬರೂ ನೀರಿಗಿಳಿದು ಗಳದಿಂದ ಬಡಿದರು. ನಲ್ಲಿಯಿಂದ ಬಕೆಟ್ಟುಗಟ್ಟಲೆ ಹೊತ್ತು ಮೇಲಿಂದ ಸುರಿದರು. ಅಷ್ಟು ದೊಡ್ಡ ಹೊಂಡಕ್ಕೆ ಬಕೆಟ್ಟು ಯಾವ ಲೆಕ್ಕ? ಆಫೀಸರಮ್ಮ ಬರುವ ಹೊತ್ತಿಗೆ ಮುಕ್ಕಾಲುಪಾಲು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗೇಣಿಗಿಂತ ಉದ್ದ ಬೆಳೆದಿದ್ದವು. ಇಷ್ಟು ವರ್ಷದಲ್ಲಿ ಅಷ್ಟು ದೊಡ್ಡ ಮೀನನ್ನು ಪೇಂಟರು ನೋಡಿದ್ದು ಅಂದೇ.

"ಇಷ್ಟು ಹಸಿರಾದ ಮೇಲೂ ಗೊಬ್ಬರ ಹಾಕಿದ್ರಾ? ಮೋಡ ಕವಿದಾಗ ಈ ಪ್ಲಾಂಕ್ಟನ್ನುಗಳೇ ನೀರಿನ ಉಸಿರನ್ನೆಲ್ಲ ಹೀರಿಬಿಡ್ತವೆ. ಪೇಂಟ್ ಚೆಲ್ಲಿದ ಹಾಗಿದೆಯಲ್ಲ ನೀರು!"

ಪೇಂಟರು ಹೆಂಡತಿಯ ಮುಖ ನೋಡಿದರು. ಆಕೆ ನೆಲ ನೋಡುತ್ತಿದ್ದರು. ಪೇಂಟರು ಬೊಗಸೆಯಲ್ಲಿ ನೀರು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಕೈಯ ಸಂದಿನಿಂದ ಅದು ಪೂರ್ತಿ ಸೋರಿಹೋಗುವವರೆಗೂ ನೋಡಿದರು.

"ಮೇಡಂ, ಇದು ಹಸಿರಾ?" ಎಂದು ಕೇಳಿದರು.

ಸತ್ತ ಮೀನನ್ನು ಹೂಳಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಹೆಂಡತಿಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಣ್ಣಬಣ್ಣದ ಚುಕ್ಕೆಗಳ ಪುಸ್ತಕದಲ್ಲಿ ಒಂದೊಂದೇ ಪುಟ ತಿರುಗಿಸಿ, "ಇಲ್ಲಿ ಯಾವ ಅಂಕಿ ಇದೆ?" ಎಂದು ಡಾಕ್ಟರು ಕೇಳಿದರು. ಅಂಕಿ ಬರೆದೇ ಬದುಕಿದ ಪೇಂಟರಿಗೆ ಒಂದು ಅಂಕಿಯೂ ಸಿಗಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಮೊದಲು ಹೋಗುವುದು ಬಣ್ಣ, ಆಮೇಲೆ ಉಳಿದದ್ದೂ ಮಸುಕಾಗಬಹುದು ಎಂದರು ಡಾಕ್ಟರು. ಥಿನ್ನರಿನ ಹೊಗೆಯೋ, ಬಾಯಿಗಿಟ್ಟ ಬ್ರಶ್ಶೋ, ಖಚಿತವಾಗಿ ಹೇಳಲಾಗದು. ಹೋದದ್ದು ಮರಳಿ ಬರುವುದಿಲ್ಲ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಬಸ್ಸಿಗೆ ಕಾದು ಕೂತರು.

"ನಿನಗೆ ಮೊದಲೇ ಗೊತ್ತಿತ್ತಾ?"

"ಹೋದ ವರ್ಷ ಹಸಿರು ದಾರ ತನ್ನಿ ಅಂದಿದ್ದೆ. ಕಂದು ತಂದ್ರಿ. ಎರಡು ಸಲ."

"ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಊಟ ಹಾಕಲ್ಲ ಅಂದ್ರೂ ಸುಮ್ಮನಿರ್ತಿದ್ರಿ, ನಿಮಗೆ ಬಣ್ಣ ಗೊತ್ತಾಗಲ್ಲ ಅಂದ್ರೆ ಸುಮ್ಮನಿರ್ತಿದ್ರಾ? ಅಂಗಡಿಗೆ ನಾನೇ ಹೋದ್ರಾಯ್ತು ಅಂದ್ಕೊಂಡೆ." ಆಕೆಯೇ ಮುಂದುವರಿಸಿದರು, "ಹೊಂಡದ ಹತ್ತಿರ ಅವತ್ತು ಜಗಳ ಆಡಬೇಕಿತ್ತು. ತಪ್ಪು ನಂದೂ ಇದೆ."

ಬಸ್ಸು ಬಂತು, ಹತ್ತಿದರು.

ಮುಂದಿನ ಮಳೆಗಾಲಕ್ಕೆ ಮುಂಚೆ ಆಫೀಸರಮ್ಮ ಮತ್ತೆ ಬಂದಿದ್ದರು. ಉಳಿದ ಮೀನು ಇದೆ, ಹೆಂಡತಿ ಬಣ್ಣ ನೋಡಿ ಹೇಳಿದರೆ ಪೇಂಟರು ಗೊಬ್ಬರ ಹಾಕಬಹುದು, ಇಬ್ಬರೂ ಸೇರಿ ಮಾಡಿ ಎಂದರು. ಹೆಂಡತಿ ಆಸೆಯಿಂದ ಗಂಡನ ಕಡೆ ನೋಡಿದರು.

"ಬೇಡ ಮೇಡಂ. ನನ್ನಿಂದಾಗಲ್ಲ" ಎಂದು ಪೇಂಟರು ಒಳಗೆ ಹೋದರು.

ಆ ಮಳೆಗೆ ಒಡ್ಡು ಕುಸಿಯಿತು. ಯಾರೂ ಕಟ್ಟಲಿಲ್ಲ. ಈಗ ಪೇಂಟರು ಹೆಂಡತಿ ಹೊಲಿದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾರೆ. ಮಡಿಕೆ ಎಲ್ಲಿ, ಅಂಚು ಎಲ್ಲಿ ಎಂದು ಬೆರಳಿನಿಂದಲೇ ಹುಡುಕಿಕೊಳ್ಳುತ್ತಾರೆ. ಮೊನ್ನೆ ನನ್ನ ಹಸಿರು ರವಿಕೆಗಳನ್ನು ತರಲು ಹೋಗಿದ್ದೆ. ನನ್ನ ಗಂಟು ಯಾವುದೆಂದು ಅವರಿಗೆ ತಿಳಿಯಲಿಲ್ಲ. ಮೂರು ಗಂಟು ಬಿಚ್ಚಿ ನನ್ನ ಮುಂದೆ ಹರಡಿ, "ನಿಮ್ಮದು ನೀವೇ ತಗೊಳ್ಳಮ್ಮ" ಎಂದು ಹೇಳಿ, ಕಾದ ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದರು.